ಅಜ್ಜನ ಲೆನ್ಸು, ಮೊಮ್ಮಗಳ ಕ್ಯಾಮೆರಾ

ಕಳೆದ ಬೇಸಿಗೆ ರಜೆಗೆ ಮೊಮ್ಮಗಳು ಬೆಂಗಳೂರಿನಿಂದ ಧಾರವಾಡಕ್ಕೆ ಬಂದಾಗ ಅವರಪ್ಪನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ರೈಲಿನಿಂದ ಇಳಿದಳು. ಆಗಷ್ಟೇ ಒಂಬತ್ತನೆಯ ಇಯತ್ತೆ ಮುಗಿಸಿದ ಹುಡುಗಿ. ಎರಡು ದಿನ ಮನೆಯ ಬೆಕ್ಕು, ತುಳಸಿಕಟ್ಟೆ, ಅಜ್ಜಿಯ ರೊಟ್ಟಿ ಬಡಿಯುವ ಕೈ ಎಲ್ಲದರ ಫೋಟೋ ತೆಗೆದದ್ದಾಯಿತು. ಮೂರನೆಯ ದಿನ ಅಟ್ಟದ ಮೇಲಿನ ಟ್ರಂಕಿನ ಮೇಲೆ ಅವಳ ಕಣ್ಣು ಬಿತ್ತು.

ಟ್ರಂಕಿನಲ್ಲಿ ಹಳೆಯ ಪಂಚಾಂಗಗಳು, ಯಾರದೋ ಮದುವೆಯ ಕರೆಯೋಲೆಗಳು. ತಳದಲ್ಲಿ ಎರಡು ಚರ್ಮದ ಚೀಲ. ಒಂದರಲ್ಲಿ ನನ್ನ ಜೆನಿಟ್ ಕ್ಯಾಮೆರಾ. 1980ರಲ್ಲಿ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಸ್ಟುಡಿಯೋದವರೊಬ್ಬರ ಕಡೆಯಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಗುಂಡಿ ಒತ್ತಿದೆ, ಶಟರ್ ಅಲುಗಲಿಲ್ಲ. ಒಳಗಿನ ಬಟ್ಟೆಯ ಪರದೆ ಬಿಗಿದುಕೊಂಡಿತ್ತು.

‘ಗುಜರಿಯವಂಗ ಹಾಕಬೇಕಾಗಿತ್ತು, ಮರತ ಬಿಟ್ಟೇನಿ’ ಅಂದೆ.

ಅವಳು ಕೇಳಿಸಿಕೊಳ್ಳಲಿಲ್ಲ. ಮುಂದಿನ ಲೆನ್ಸನ್ನು ಬಾಟಲಿ ಮುಚ್ಚಳ ತಿರುವಿದ ಹಾಗೆ ತಿರುವುತ್ತಿದ್ದಳು. ಮೂರ್ನಾಲ್ಕು ಸುತ್ತಿಗೆ ಅದು ಕೈಗೆ ಬಂತು. ಕಿಟಕಿಗೆ ಹಿಡಿದು ನೋಡಿ, ‘ಅಜ್ಜ, ಗಾಜು ಚೆನ್ನಾಗೇ ಇದೆಯಲ್ಲ! ಇದನ್ನ ನಮ್ಮ ಕ್ಯಾಮೆರಾಕ್ಕೆ ಹಾಕಬಹುದಾ?’ ಎಂದು ಕೇಳಿದಳು.

ಹಾಕಬಹುದು. ಹಾಕಿದೆವು ಕೂಡ. ಇಂಥ ಟ್ರಂಕು, ಇಂಥ ಚರ್ಮದ ಚೀಲ ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳ ಅಟ್ಟದ ಮೇಲೆ ಇರಬಹುದು. ಆ ಮನೆಗಳ ಅಜ್ಜಂದಿರೂ ಮೊಮ್ಮಕ್ಕಳೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆನ್ಸಿನ ಜಾತಕ. ಅದರ ಮುಂದಿನ ಬಳೆಯ ಮೇಲೆ ‘ಹೆಲಿಯೋಸ್-44-2’ ಎಂದು ಹೆಸರು, 58 ಎಂಬ ಅಂಕಿ, ಇನ್ನೊಂದು ಕಡೆ 2 ಎಂಬ ಅಂಕಿ, ಕೊನೆಗೆ ಒಂದು ಉದ್ದನೆಯ ಸಂಖ್ಯೆ. ಇದು ಆಗಿನ ಸೋವಿಯತ್ ರಷ್ಯಾದಲ್ಲಿ ತಯಾರಾದದ್ದು. ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್ ಊರಿನ ಕಾರ್ಖಾನೆಯ ಲೆನ್ಸುಗಳಲ್ಲಿ ಆ ಉದ್ದನೆಯ ಸಂಖ್ಯೆಯ ಮೊದಲ ಎರಡು ಅಂಕಿ ಸಾಮಾನ್ಯವಾಗಿ ಹುಟ್ಟಿದ ವರ್ಷ ಹೇಳುತ್ತವೆ. ನಮ್ಮದು 78ರಿಂದ ಶುರುವಾಗುತ್ತದೆ. ‘ಅಂದ್ರೆ ಇದು ನಮ್ಮಪ್ಪನಿಗಿಂತ ದೊಡ್ಡದು’ ಎಂದು ಮೊಮ್ಮಗಳು ಲೆಕ್ಕ ಹಾಕಿದಳು.

ಅದರ ವಂಶ ಇನ್ನೂ ಹಳೆಯದು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಜರ್ಮನಿಯ ಕಾರ್ಲ್ ಝೈಸ್ ಕಂಪನಿ ‘ಬಯೋಟಾರ್’ ಎಂಬ ಲೆನ್ಸು ಮಾಡುತ್ತಿತ್ತು. ಯುದ್ಧ ಮುಗಿದ ಮೇಲೆ ಆ ವಿದ್ಯೆ ರಷ್ಯಾಕ್ಕೆ ಹೋಯಿತು. ಅದೇ ಮಾದರಿಯಲ್ಲಿ ಆರು ಗಾಜಿನ ಬಿಲ್ಲೆಗಳನ್ನು ಜೋಡಿಸಿ ಹೆಲಿಯೋಸ್ ಮಾಡಿದರು. ಮುಂದೆ ಜೆನಿಟ್ ಕ್ಯಾಮೆರಾಗಳ ಜೊತೆ ಲಕ್ಷಗಟ್ಟಲೆ ಹೆಲಿಯೋಸ್‌ಗಳು ಜಗತ್ತಿನ ತುಂಬ ಹರಡಿದವು. ಹಾಗಾಗಿ ಇದು ಅಪರೂಪದ ವಸ್ತುವಲ್ಲ. ‘ಪುರಾತನ ಲೆನ್ಸು’ ಎಂದು ಹೇಳಿ ಯಾರಾದರೂ ದೊಡ್ಡ ದುಡ್ಡು ಕೇಳಿದರೆ ಕೊಡಬೇಡಿ.

ಬಿಳಿ ಹಾಳೆಯ ಮೇಲೆ ತಲೆಕೆಳಗಾದ ಅಂಗಳ

ಮಕ್ಕಳೇ, ಈ ಪ್ರಯೋಗಕ್ಕೆ ಕ್ಯಾಮೆರಾ ಬೇಡ. ಕ್ಯಾಮೆರಾದಿಂದ ಬಿಚ್ಚಿದ ಲೆನ್ಸೊಂದು ಸಿಕ್ಕರೆ ಸಾಕು. ಅದೂ ಸಿಗದಿದ್ದರೆ ಅಜ್ಜ ಪೇಪರು ಓದುವ ಭೂತಗನ್ನಡಿಯೂ ಆದೀತು.

ಹಗಲು ಹೊತ್ತು, ಒಳಗೆ ಕತ್ತಲಿರುವ ಕೋಣೆಯಲ್ಲಿ ಒಂದೇ ಕಿಟಕಿ ತೆರೆಯಿರಿ. ಲೆನ್ಸಿನ ಮುಖ ಕಿಟಕಿಯ ಕಡೆಗಿರಲಿ, ಹಿಂದೆ ಒಂದು ಬಿಳಿ ಹಾಳೆ ಹಿಡಿಯಿರಿ. ಹಾಳೆಯನ್ನು ಮೆಲ್ಲಗೆ ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ಹೊರಗಿನ ತೆಂಗಿನ ಮರ, ಎದುರು ಮನೆಯ ಹಂಚು, ತಂತಿಯ ಮೇಲಿನ ಬಟ್ಟೆ ಎಲ್ಲ ಬಣ್ಣದ ಸಮೇತ ಹಾಳೆಯ ಮೇಲೆ ಪುಟ್ಟದಾಗಿ, ತಲೆಕೆಳಗಾಗಿ ಮೂಡುತ್ತವೆ. ಗಾಳಿ ಬೀಸಿದರೆ ಹಾಳೆಯ ಮೇಲಿನ ಬಟ್ಟೆಯೂ ಅಲುಗುತ್ತದೆ. ಸೂರ್ಯನ ಕಡೆಗೆ ಮಾತ್ರ ಲೆನ್ಸು ತಿರುಗಿಸಬೇಡಿ, ಹಾಳೆ ಸುಟ್ಟೀತು. ಲೆನ್ಸಿನ ಮೂಲಕ ಸೂರ್ಯನನ್ನು ನೋಡುವುದಂತೂ ಕೂಡದು, ಕಣ್ಣು ಹೋದೀತು.

ಈಗ ಪಟ್ಟಿ ತೆಗೆದುಕೊಂಡು ಅಳೆಯಿರಿ. ನಮ್ಮ ಹೆಲಿಯೋಸ್‌ನಲ್ಲಿ ದೂರದ ಮರ ಸ್ಪಷ್ಟವಾಗಿ ಮೂಡಿದಾಗ, ಲೆನ್ಸು ಕ್ಯಾಮೆರಾಕ್ಕೆ ಒರಗುವ ಅಂಚಿನಿಂದ ಹಾಳೆಗೆ ನಾಲ್ಕೂವರೆ ಸೆಂಟಿಮೀಟರು ಇತ್ತು. ಕರಾರುವಾಕ್ಕಾಗಿ ಹೇಳಬೇಕೆಂದರೆ 45.46 ಮಿಲಿಮೀಟರ್. ಜೆನಿಟ್ ಕ್ಯಾಮೆರಾದಲ್ಲಿ ಲೆನ್ಸು ಕೂರುವ ಜಾಗದಿಂದ ರೀಲಿಗೆ ಇದ್ದ ಅಂತರ ಅದೇ. ನಡುವೆ ಏಳುತ್ತ ಬೀಳುತ್ತ ಇರುವ ಕನ್ನಡಿಯೊಂದು ಇರಬೇಕಾದ್ದರಿಂದ ಅಷ್ಟು ಜಾಗ ಬಿಟ್ಟಿದ್ದರು.

ಈಗಿನ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಹೆಸರೇ ಹೇಳುವಂತೆ ಆ ಕನ್ನಡಿ ಇಲ್ಲ. ಮಗನ ಕ್ಯಾಮೆರಾ ಸೋನಿಯದು. ಅದರಲ್ಲಿ ಲೆನ್ಸಿನ ಅಂಚಿನಿಂದ ಸೆನ್ಸರಿಗೆ ಬರೀ 18 ಮಿಲಿಮೀಟರ್. 45.46ರಲ್ಲಿ 18 ಕಳೆಯಿರಿ. ಉಳಿದ 27.46 ಮಿಲಿಮೀಟರನ್ನು ತುಂಬಲು ನಡುವೆ ಒಂದು ಟೊಳ್ಳು ಲೋಹದ ಬಳೆ ಸಾಕು. ಅದಕ್ಕೇ ಅಡಾಪ್ಟರ್ ಎನ್ನುವುದು. ಒಂದು ಕಡೆ ಹಳೆಯ ಲೆನ್ಸಿನ ತಿರುಪು, ಇನ್ನೊಂದು ಕಡೆ ಹೊಸ ಕ್ಯಾಮೆರಾದ ಹಿಡಿ. ಒಳಗೆ ಗಾಜಿಲ್ಲ, ತಂತಿಯಿಲ್ಲ, ಬ್ಯಾಟರಿಯಿಲ್ಲ. ಒಂದೆರಡು ಸಾವಿರ ರೂಪಾಯಿಯೊಳಗೆ ಬರುತ್ತದೆ. ಮಗ ತರಿಸಿಕೊಟ್ಟ.

ಲೆಕ್ಕ ಉಲ್ಟಾ ಆದರೆ ಕೆಲಸ ಕೆಡುತ್ತದೆ. ನಿಕಾನ್‌ನ ಕನ್ನಡಿಯುಳ್ಳ ಕ್ಯಾಮೆರಾಗಳಲ್ಲಿ ಆ ಅಂತರ 46.5 ಮಿಲಿಮೀಟರ್. ಹೆಲಿಯೋಸ್‌ಗೆ ಬೇಕಾದದ್ದಕ್ಕಿಂತ ಅದೇ ಒಂದು ಮಿಲಿಮೀಟರ್ ಜಾಸ್ತಿಯಾಯಿತು. ಬಳೆ ತೊಡಿಸಿ ಕೂರಿಸಬಹುದು, ಆದರೆ ಹತ್ತಿರದ ಹೂವು ಮಾತ್ರ ಸ್ಪಷ್ಟ, ದೂರದ ಗುಡ್ಡ ಯಾವತ್ತೂ ಮಸುಕು. ಒಂದು ಮಿಲಿಮೀಟರ್ ಏನು ಮಹಾ ಎನ್ನುವವರು ಇದನ್ನು ನೋಡಬೇಕು.

ಆ ತಿರುಪಿನ ಬಗ್ಗೆಯೂ ಒಂದು ಮಾತು. ಅಡ್ಡಳತೆ 42 ಮಿಲಿಮೀಟರ್, ಒಂದು ಸುತ್ತಿಗೆ ಒಂದು ಮಿಲಿಮೀಟರ್ ಮುಂದೆ ಹೋಗುತ್ತದೆ. ರಷ್ಯಾದ ಜೆನಿಟ್, ಪೂರ್ವ ಜರ್ಮನಿಯ ಪ್ರಾಕ್ಟಿಕಾ, ಜಪಾನಿನ ಪೆಂಟ್ಯಾಕ್ಸ್ ಮೂರರಲ್ಲೂ ಅದೇ ತಿರುಪು ಇತ್ತು. ರಾಜಕೀಯದಲ್ಲಿ ಮುಖ ನೋಡದ ದೇಶಗಳು ಲೆನ್ಸಿನ ವಿಷಯದಲ್ಲಿ ಒಂದೇ ಅಳತೆ ಇಟ್ಟುಕೊಂಡಿದ್ದವು. ಹಾಗಾಗಿ ಒಂದೇ ಬಳೆ ಮೂರಕ್ಕೂ ಬರುತ್ತದೆ. ಕ್ಯಾಮೆರಾದಿಂದ ಬೇರೆಯಾಗದ ಲೆನ್ಸುಗಳಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ನಮ್ಮ ಕಾಲದ ಆಗ್ಫಾ ಕ್ಲಿಕ್ ಡಬ್ಬಿಯನ್ನು ದಯವಿಟ್ಟು ಸುತ್ತಿಗೆ ತೆಗೆದುಕೊಂಡು ಬಿಚ್ಚಲು ಹೋಗಬೇಡಿ.

ಉಣಕಲ್ಲಿನ ಗುಡಿಯ ಮುಂದೆ

ಬಳೆ ಬಂದ ಮರುದಿನವೇ ಮೂವರೂ ಚಿಗರಿ ಬಸ್ ಹತ್ತಿ ಉಣಕಲ್ಲಿಗೆ ಹೋದೆವು. ಅಲ್ಲಿಗೇ ಏಕೆ ಅಂದರೆ, 1984ರಲ್ಲಿ ಇದೇ ಲೆನ್ಸಿನಿಂದ ಚಂದ್ರಮೌಳೇಶ್ವರ ಗುಡಿಯ ಬಾಗಿಲಲ್ಲಿ ನನ್ನ ಹೆಂಡತಿಯ ಫೋಟೋ ತೆಗೆದಿದ್ದೆ. ಸೊಂಟದ ಮೇಲೆ ಎರಡು ವರ್ಷದ ಮಗ. ಈಗ ಕ್ಯಾಮೆರಾ ಕೊಟ್ಟು ಕಳಿಸಿದವನು ಅವನೇ.

ಆ ಗುಡಿ ಚಾಲುಕ್ಯರ ಕಾಲದ್ದು. ನಾಲ್ಕೂ ದಿಕ್ಕಿಗೆ ಬಾಗಿಲು, ಬಾಗಿಲ ಪಕ್ಕ ಕಲ್ಲಿನಲ್ಲೇ ಕೊರೆದ ಜಾಲಂಧ್ರಗಳು. ಲೆನ್ಸು ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ಸಪಾಟು ಗೋಡೆ, ಮೂಲೆಯಿಂದ ಮೂಲೆಗೆ ಸಣ್ಣ ಕೆತ್ತನೆ. ಲೆನ್ಸು ಎಲ್ಲಿ ತಪ್ಪಿದರೂ ಕಲ್ಲು ಹೇಳಿಬಿಡುತ್ತದೆ.

ಮೊದಲ ಸಲ ಗುಂಡಿ ಒತ್ತಿದಾಗ ಕ್ಯಾಮೆರಾ ಏನೂ ಮಾಡಲಿಲ್ಲ. ಅದರ ಮಟ್ಟಿಗೆ ಅಲ್ಲಿ ಲೆನ್ಸೇ ಇರಲಿಲ್ಲ! ತಂತಿಯ ಸಂಪರ್ಕ ಇಲ್ಲವಲ್ಲ. ‘ಲೆನ್ಸ್ ಇಲ್ಲದಿದ್ದರೂ ಶಟರ್ ಬಿಡು’ ಎಂಬ ಆಯ್ಕೆಯನ್ನು ಮೊಮ್ಮಗಳು ಮೆನುವಿನಲ್ಲಿ ಹುಡುಕಿ ಹಚ್ಚಿದಳು. ಕೈ ನಡುಕ ತಡೆಯುವ ವ್ಯವಸ್ಥೆಗೆ 58 ಎಂಬ ಅಂಕಿಯನ್ನು ತಾನೇ ತುಂಬಿದಳು. ಅಲ್ಲಿಂದ ಮುಂದೆ ಅವಳಿಗೆ ತೋಚಲಿಲ್ಲ.

‘ಅಜ್ಜ, ಆಟೋಫೋಕಸ್ಸೇ ಇಲ್ಲ!’

‘ಇಲ್ಲವ್ವಾ. ಅದು ನಿನ್ನ ಬೆರಳಾಗ ಐತಿ.’

ಅಲ್ಲಿಂದ ನನ್ನ ಪಾಳಿ. ಹೆಲಿಯೋಸ್-44-2ಕ್ಕೆ ಮೂರು ಬಳೆ. ದೊಡ್ಡದು ಫೋಕಸ್ಸಿನದು. ಮುಂದಿನದು ಬೆಳಕಿನ ಕಿಂಡಿ, ಅಂದರೆ ಅಪರ್ಚರ್, ಎಷ್ಟರ ತನಕ ಮುಚ್ಚಬೇಕು ಎಂದು ಗೊತ್ತು ಮಾಡುವುದು. ಮತ್ತೊಂದು ಆ ಕಿಂಡಿಯನ್ನು ತೆರೆದು ಮುಚ್ಚುವುದು. ಪೂರ್ತಿ ತೆರೆದು ಫೋಕಸ್ ಮಾಡು, ಮುಚ್ಚು, ಆಮೇಲೆ ಹೊಡೆ. ನಲವತ್ತು ವರ್ಷದ ಹಿಂದಿನ ಅಭ್ಯಾಸ ಬೆರಳಿಗೆ ತಾನಾಗಿ ಬಂತು.

ಅಂಕಿಗಳ ಅರ್ಥವನ್ನೂ ಹೇಳಿಕೊಟ್ಟೆ. 58ನ್ನು 2ರಿಂದ ಭಾಗಿಸಿದರೆ 29 ಮಿಲಿಮೀಟರ್, ಪೂರ್ತಿ ತೆರೆದಾಗಿನ ಕಿಂಡಿಯ ಅಗಲ ಅದು. 16ರಿಂದ ಭಾಗಿಸಿದರೆ ಮೂರೂವರೆ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಹೆಸರುಕಾಳಿನಷ್ಟು. ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು ಯಾಕೆ ಎಂದು ಈಗ ಅವಳಿಗೆ ಬಾಯಿಪಾಠವಿಲ್ಲದೆ ಗೊತ್ತು.

ನನ್ನ ಕಷ್ಟ ಬೇರೆಯಿತ್ತು. ಮೋತಿಬಿಂದು ಬಂದು ಜೆನಿಟ್‌ನ ಮಂದ ಕಿಂಡಿಯಲ್ಲಿ ಏನೂ ಕಾಣದಾಗ ಫೋಟೋ ತೆಗೆಯುವುದನ್ನೇ ಬಿಟ್ಟಿದ್ದೆ. ಎರಡು ವರ್ಷದ ಹಿಂದೆ ಎರಡೂ ಕಣ್ಣಿನ ಆಪರೇಷನ್ ಆಯಿತು. ಆದರೂ ಇನ್ನು ಫೋಕಸ್ ಮಾಡುವುದು ನನ್ನಿಂದಾಗದು ಎಂದೇ ತಿಳಿದಿದ್ದೆ. ಮೊಮ್ಮಗಳು ಒಂದು ಗುಂಡಿ ಒತ್ತಿದಳು. ಪರದೆಯ ಮೇಲೆ ಜಾಲಂಧ್ರದ ಒಂದು ಹೂವು ಅಂಗೈಯಷ್ಟು ದೊಡ್ಡದಾಗಿ ನಿಂತಿತು. ಇನ್ನೊಂದು ಗುಂಡಿ ಒತ್ತಿದಳು. ಎಲ್ಲೆಲ್ಲಿ ಫೋಕಸ್ ಕೂತಿದೆಯೋ ಅಲ್ಲೆಲ್ಲ ಅಂಚಿಗೆ ಕೆಂಪು ಗೆರೆ. ಬಳೆಯನ್ನು ಸ್ವಲ್ಪ ತಿರುವಿದರೆ ಆ ಕೆಂಪು ಗೆರೆ ಇರುವೆ ಸಾಲಿನಂತೆ ಕಲ್ಲಿನ ಮೇಲೆ ಹರಿದಾಡುತ್ತಿತ್ತು. ನನ್ನ ಬೆರಳು, ಅವಳ ಪರದೆ. ನಾಲ್ಕು ಫೋಟೋ ಅಲ್ಲೇ ತೆಗೆದೆ.

‘ಅಜ್ಜ, ನಿನ್ನ ಕಣ್ಣಿಗೆ ಹಳೇ ಬಾಡಿ, ಹೊಸ ಲೆನ್ಸು. ಕ್ಯಾಮೆರಾಕ್ಕೆ ಹೊಸ ಬಾಡಿ, ಹಳೇ ಲೆನ್ಸು’ ಎಂದು ಅವಳು ನಕ್ಕಳು. ಅಜ್ಜಿ ನನಗಿಂತ ಜೋರಾಗಿ ನಕ್ಕಳು.

ನಗೆಯ ಮಾತಾದರೂ ಸುಳ್ಳಲ್ಲ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಹಳದಿಯಾಗುತ್ತ ಮಬ್ಬಾಗುತ್ತದೆ. ಆಪರೇಷನ್ ಆದ ಮರುದಿನ ಆಕಾಶ ಇಷ್ಟು ನೀಲಿಯೇ ಎಂದು ಅನಿಸಿತ್ತು ನನಗೆ. ಕೆಲವು ಹಳೆಯ ಕ್ಯಾಮೆರಾ ಲೆನ್ಸುಗಳದೂ ಇದೇ ಕಥೆ. ಪೆಂಟ್ಯಾಕ್ಸ್‌ನ ಸೂಪರ್ ಟಾಕುಮಾರ್ 50 ಮಿಲಿಮೀಟರ್ ಲೆನ್ಸಿನಲ್ಲಿ ಥೋರಿಯಂ ಬೆರೆಸಿದ ಗಾಜು ಬಳಸುತ್ತಿದ್ದರು. ಥೋರಿಯಂ ವಿಕಿರಣ ಸೂಸುವ ಧಾತುವಾದ್ದರಿಂದ ವರ್ಷಗಳು ಕಳೆದಂತೆ ಗಾಜು ಚಹದ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಆಪರೇಷನ್ ಬೇಡ. ಕೆಲವು ದಿನ ನೇರಳಾತೀತ ಕಿರಣಕ್ಕೆ ಇಟ್ಟರೆ ಹಳದಿ ಬಹುಪಾಲು ಹೋಗುತ್ತದೆ. ವಿಕಿರಣ ಎಂದು ಹೆದರಿ ಓಡುವಷ್ಟೇನೂ ಇಲ್ಲ, ಫೋಟೋ ತೆಗೆಯುವವರಿಗೆ ಅದರಿಂದ ಅಪಾಯವಿಲ್ಲ. ಗಾಜನ್ನು ಒಡೆಯುವುದು, ಉಜ್ಜುವುದು ಮಾತ್ರ ಬೇಡ.

ಆರು ಕೋಟಿ ಚುಕ್ಕೆಗಳ ಮುಂದೆ

ಸಂಜೆ ಮನೆಗೆ ಬಂದು ಫೋಟೋಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆವು. ಮಗನ ಕ್ಯಾಮೆರಾದ ಸೆನ್ಸರ್ ಅಗಲ 36, ಎತ್ತರ 24 ಮಿಲಿಮೀಟರ್, ಥೇಟ್ ನಮ್ಮ ರೀಲಿನ ಒಂದು ಚೌಕದಷ್ಟೇ. ಆದರೆ ಅದರಲ್ಲಿ ಅಡ್ಡಕ್ಕೆ 9504, ಉದ್ದಕ್ಕೆ 6336 ಚುಕ್ಕೆ. ಗುಣಿಸಿದರೆ ಆರು ಕೋಟಿಗೂ ಹೆಚ್ಚು. ನಮ್ಮ ತಲೆಗೂದಲಿನ ದಪ್ಪದೊಳಗೆ ಹದಿನೆಂಟು ಇಪ್ಪತ್ತು ಚುಕ್ಕೆ ಹಿಡಿಯುತ್ತವೆ. ಕಾರ್ಖಾನೆಯಲ್ಲಿ ಈ ಲೆನ್ಸು ಮಾಡಿದವರು ಇಂಥ ಪರೀಕ್ಷಕ ಮುಂದೊಂದು ದಿನ ಬರುತ್ತಾನೆ ಎಂದು ಅಂದುಕೊಂಡಿರಲಾರರು.

ಪೂರ್ತಿ ತೆರೆದು ತೆಗೆದ ಚಿತ್ರದಲ್ಲಿ ನಡುವಿನ ಕೆತ್ತನೆ ಚೆನ್ನಾಗಿತ್ತು, ಅದರ ಮೇಲೆ ತೆಳ್ಳನೆ ಮಂಜು ಹರಡಿದ ಹಾಗೆ. ಮೂಲೆಗಳಲ್ಲಿ ಕೆತ್ತನೆ ಕಲಸಿ ಹೋಗಿತ್ತು. ಕಲ್ಲಿನ ಅಂಚು ಬಿಳಿ ಆಕಾಶಕ್ಕೆ ತಾಗುವಲ್ಲಿ ನೇರಳೆ ಗೆರೆ. ರೀಲಿನಲ್ಲಿ ಇದ್ಯಾವುದೂ ಕಂಡಿರಲಿಲ್ಲ. ನಮ್ಮ ಫೋಟೋಗಳು ಹೆಚ್ಚಾಗಿ ಪೋಸ್ಟ್‌ಕಾರ್ಡ್ ಅಳತೆಯವು, ಅದೂ ಕಪ್ಪು-ಬಿಳುಪು. ಅಷ್ಟು ಸಣ್ಣದರಲ್ಲಿ ತಪ್ಪು ಹುಡುಕುವವರು ಯಾರು? ಸೆನ್ಸರ್ ಲೆನ್ಸಿನ ತಪ್ಪುಗಳನ್ನು ಒಂದೂ ಬಿಡದೆ ತೋರಿಸಿತು.

ಆಮೇಲೆ 8ಕ್ಕೆ ಮುಚ್ಚಿ ತೆಗೆದ ಚಿತ್ರ ತೆರೆದೆವು. ಜಾಲಂಧ್ರದ ಒಳಮೈಯಲ್ಲಿ ಉಳಿಯ ಗುರುತುಗಳು ಎದ್ದು ಕಂಡವು. ಮೂಲೆಗಳೂ ಬಹುಮಟ್ಟಿಗೆ ಸುಧಾರಿಸಿದ್ದವು. ಪಕ್ಕದಲ್ಲಿ 1984ರ ನೆಗೆಟಿವ್‌ನ ಸ್ಕ್ಯಾನ್ ಇಟ್ಟೆವು. ಅದು ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೀಲು. ಅದನ್ನು ದೊಡ್ಡದು ಮಾಡಿದರೆ ಸ್ವಲ್ಪ ಹೊತ್ತಿಗೇ ರವೆ ಚೆಲ್ಲಿದಂತೆ ಕಾಳು ಕಾಳಾಗಿ, ಜಾಲಂಧ್ರ ಅದರೊಳಗೆ ಕರಗಿ ಹೋಗುತ್ತದೆ. ಲೆನ್ಸು ಅದೇ, ಗುಡಿ ಅದೇ. ಇಷ್ಟು ವರ್ಷ ‘ರಷ್ಯನ್ ಲೆನ್ಸು ಅಷ್ಟಕ್ಕಷ್ಟೇ’ ಎಂದು ನಾನೇ ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದ್ದೆ. ಅಷ್ಟಕ್ಕಷ್ಟೇ ಇದ್ದದ್ದು ನನ್ನ ರೀಲು, ಸ್ಕ್ಯಾನಿನಲ್ಲಿ ನೋಡಿದರೆ ನನ್ನ ಕೈಯೂ ಸ್ವಲ್ಪ ನಡುಗಿತ್ತು.

ಕೈಯ ವಿಷಯ ಇನ್ನೂ ಇದೆ. 58 ಮಿಲಿಮೀಟರ್ ಲೆನ್ಸಿಗೆ ಸೆಕೆಂಡಿನ 60ನೇ ಒಂದು ಭಾಗ ಶಟರ್ ಇಟ್ಟರೆ ಸಾಕು ಎಂಬುದು ನಮ್ಮ ಕಾಲದ ಲೆಕ್ಕ. ಆರು ಕೋಟಿ ಚುಕ್ಕೆಗೆ ಅದು ಸಾಲದು. ಕೂದಲೆಳೆಯಷ್ಟು ಅಲುಗಿದರೂ ಹತ್ತಾರು ಚುಕ್ಕೆ ದಾಟಿಬಿಡುತ್ತದೆ. 125 ಅಥವಾ 250ಕ್ಕೆ ಹೋಗಬೇಕು, ಇಲ್ಲ ಕಂಬಕ್ಕೆ ಒರಗಿ ನಿಲ್ಲಬೇಕು. ಕಿಂಡಿಯನ್ನು 16ರ ತನಕ ಮುಚ್ಚಿದರೆ ಇನ್ನೂ ಸ್ಪಷ್ಟವಾದೀತು ಎಂಬುದೂ ಭ್ರಮೆ. ಅಷ್ಟು ಸಣ್ಣ ತೂತಿನಲ್ಲಿ ಹಾಯುವಾಗ ಬೆಳಕೇ ಸ್ವಲ್ಪ ಹರಡಿಕೊಳ್ಳುತ್ತದೆ, ಇಂಥ ಸೆನ್ಸರ್ ಅದನ್ನೂ ಹಿಡಿದು ತೋರಿಸುತ್ತದೆ. ಈ ಲೆನ್ಸಿಗೆ 5.6, 8 ಒಳ್ಳೆಯವು.

ಹಾಗಾದರೆ ಹಳೆಯದೇ ಮೇಲೇ? ಅಲ್ಲ. ಮಗನ ಹೊಸ ಲೆನ್ಸು ಮೂಲೆಯಿಂದ ಮೂಲೆಗೆ ಒಂದೇ ಸಮ ಚೊಕ್ಕಟ. ಎದುರು ಬಿಸಿಲಿಗೂ ಬೆದರುವುದಿಲ್ಲ. ಅದರ ಗಾಜುಗಳ ಮೇಲೆ ಬೆಳಕು ಪ್ರತಿಫಲಿಸದಂತೆ ಹಲವು ಪದರ ಲೇಪ ಇರುತ್ತದೆ. ಹೆಲಿಯೋಸ್‌ನದು ತೆಳುವಾದ ಹಳೆಯ ಲೇಪ, ಎದುರಿಗೆ ಸೂರ್ಯ ಬಂದರೆ ಚಿತ್ರವೆಲ್ಲ ಬಿಳಿಚಿಕೊಳ್ಳುತ್ತದೆ. ಓಡುವ ಮಗು, ಹಾರುವ ಹಕ್ಕಿ ತೆಗೆಯುವವರು ಇದರ ತಂಟೆಗೆ ಹೋಗಬಾರದು. 1980ರ ದಶಕದ ಅಗ್ಗದ ಜೂಮ್ ಲೆನ್ಸುಗಳನ್ನಂತೂ ಪುಕ್ಕಟೆ ಕೊಟ್ಟರೂ ನಾನು ಬೇಡ ಎನ್ನುತ್ತೇನೆ.

ಮುಖ ತೆಗೆಯುವಾಗ ಮಾತ್ರ ಮಾತು ಬೇರೆ. ಉಣಕಲ್ ಕೆರೆಯ ದಂಡೆಯಲ್ಲಿ ಸಂಜೆ ಬಿಸಿಲು ಗಿಡಗಳ ಎಲೆ ಸಂದಿಯಿಂದ ಬರುತ್ತಿತ್ತು. ಅದನ್ನು ಬೆನ್ನಿಗೆ ಬಿಟ್ಟುಕೊಂಡು ಅಜ್ಜಿಯನ್ನು ಕೂರಿಸಿ, ಕಿಂಡಿ ಪೂರ್ತಿ ತೆರೆದು ಮೊಮ್ಮಗಳು ಒಂದು ಫೋಟೋ ತೆಗೆದಳು. ಹಿಂದಿನ ಬೆಳಕಿನ ಚುಕ್ಕೆಗಳೆಲ್ಲ ಅಂಚಿಗೆ ಹೋದಂತೆ ಬೆಕ್ಕಿನ ಕಣ್ಣಿನಾಕಾರಕ್ಕೆ ತಿರುಗಿ, ಅಜ್ಜಿಯ ತಲೆಯ ಸುತ್ತ ಸುಳಿ ಸುತ್ತಿದ ಹಾಗೆ ಕಂಡವು. ಓರೆಯಾಗಿ ಬರುವ ಬೆಳಕಿನ ಒಂದಿಷ್ಟನ್ನು ಲೆನ್ಸಿನ ಕೊಳವೆಯೇ ತಡೆಯುವುದರಿಂದ ಹೀಗಾಗುತ್ತದೆ. ಎಂಜಿನಿಯರರ ಲೆಕ್ಕದಲ್ಲಿ ಅದು ದೋಷ. ಆ ದೋಷಕ್ಕಾಗಿಯೇ ಇವತ್ತು ಜನ ಹೆಲಿಯೋಸ್ ಹುಡುಕುತ್ತಾರೆ. ಸಿನಿಮಾದವರೂ ಹಳೆಯ ಸೋವಿಯತ್ ಲೆನ್ಸುಗಳಿಗೆ ಹೊಸ ಕವಚ ತೊಡಿಸಿ ಡಿಜಿಟಲ್ ಕ್ಯಾಮೆರಾಗಳಿಗೆ ಹಚ್ಚುತ್ತಾರೆ. 2024ರಲ್ಲಿ ಬಂದ ‘ಡ್ಯೂನ್’ ಚಿತ್ರದ ಎರಡನೆಯ ಭಾಗದಲ್ಲಿ ಅಂಥವನ್ನು ಬಳಸಿದ್ದಾರೆ.

ಹೊಸ ಲೆನ್ಸಿನಿಂದಲೂ ಅಜ್ಜಿಯ ಒಂದು ಫೋಟೋ ಇತ್ತು. ಎರಡನ್ನೂ ತೋರಿಸಿದಾಗ ಅವಳು ಕನ್ನಡಕ ಏರಿಸಿಕೊಂಡು, ‘ಇದ್ರಾಗ ನನ್ನ ಸುಕ್ಕು ಎಣಸಾಕ ಬರ್ತಾವು, ಒಗಿ ಅತ್ತಾಗ. ಇದು ನೋಡು, ಇದು ಚಲೋ ಐತಿ’ ಎಂದು ಹೆಲಿಯೋಸ್‌ನದನ್ನು ಆರಿಸಿದಳು. ತೆಳ್ಳನೆಯ ಆ ಮಂಜು ಕಲ್ಲಿಗೆ ಕೆಟ್ಟದ್ದು, ಮುಖಕ್ಕೆ ಒಳ್ಳೆಯದು.

ನಮ್ಮ ಸೀಮೆಯ ಗುಡಿಗಳು ಲೆನ್ಸಿಗೆ ಹೊಸಬರಲ್ಲ. 1866ರಲ್ಲೇ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಪುಸ್ತಕ ಅಚ್ಚಾಯಿತು. ಫೋಟೋಗಳು ಡಾ. ಪಿಗೋ, ನೀಲ್ ಮತ್ತು ಕರ್ನಲ್ ಬಿಗ್ಸ್ ಎಂಬವರವು, ಇತಿಹಾಸ ಬರೆದವರು ಮೆಡೋಸ್ ಟೇಲರ್. ಅದಕ್ಕೂ ಮುಂಚೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನಿಕ ಅಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಸೆರೆಹಿಡಿದಿದ್ದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವನು ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ಫೋಟೋ ತೆಗೆದರು. ನಡುವೆ 127 ವರ್ಷ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕಂಬ ಬಿದ್ದಿದೆ, ಯಾವುದನ್ನು ಎತ್ತಿ ನಿಲ್ಲಿಸಿದ್ದಾರೆ ಎಂದು ಬೆರಳಿಟ್ಟು ತೋರಿಸಬಹುದು. ಇದನ್ನು ಹೇಳಿದ ಮೇಲೆ ಮೊಮ್ಮಗಳು ಇನ್ನೊಮ್ಮೆ ಉಣಕಲ್ಲಿಗೆ ಹೋಗೋಣ ಎಂದು ಹಟ ಹಿಡಿದಳು. 1984ರ ಪ್ರಿಂಟು ಕೈಯಲ್ಲಿ ಹಿಡಿದು, ಎರಡು ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಎಡಕ್ಕೆ ಎಂದು ನನ್ನನ್ನು ಸರಿಸಿ, ಅಜ್ಜಿಯನ್ನು ಅದೇ ಬಾಗಿಲಲ್ಲಿ ನಿಲ್ಲಿಸಿದಳು. ಕಲ್ಲಿನಲ್ಲಿ ಏನೂ ಬದಲಾಗಿರಲಿಲ್ಲ. ಆಗ ಮಗ ಕೂತಿದ್ದ ಸೊಂಟದ ಮೇಲೆ ಈಗ ಅಜ್ಜಿ ಕೈ ಇಟ್ಟುಕೊಂಡು ನಿಂತಿದ್ದಳು, ಮಂಡಿ ನೋವು.

ಇನ್ನೊಂದು ಚೀಲ

ಟ್ರಂಕಿನಲ್ಲಿ ಎರಡು ಚರ್ಮದ ಚೀಲ ಇದ್ದವು ಎಂದೆನಲ್ಲ. ಎರಡನೆಯದರಲ್ಲಿ 135 ಮಿಲಿಮೀಟರಿನ ದೂರದ ಲೆನ್ಸಿತ್ತು. ಹಬ್ಬದ ಬೋನಸ್ಸಿನಲ್ಲಿ ಕೊಂಡದ್ದು. ಕಿಟಕಿಗೆ ಹಿಡಿದರೆ ಒಳಗೆ ಜೇಡರ ಬಲೆಯಂತೆ ಬಿಳಿ ಎಳೆಗಳು, ಮೂಲೆಯಿಂದ ಮೂಲೆಗೆ. ಬೂಷ್ಟು. ರಿಪೇರಿಯವರು ಬಿಚ್ಚಿ ಒರೆಸಿ ನೋಡಿದರು. ಎಳೆ ಹೋಯಿತು, ಆದರೆ ಬೂಷ್ಟು ಬಿಡುವ ಆಮ್ಲ ಗಾಜಿನ ಲೇಪವನ್ನೇ ತಿಂದು ಎಳೆಯ ಅಚ್ಚು ಉಳಿಸಿತ್ತು. ಈಗ ಅದರಲ್ಲಿ ತೆಗೆದದ್ದೆಲ್ಲ ಹಾಲಿನ ನೀರಿನಲ್ಲಿ ಅದ್ದಿದಂತೆ ಬರುತ್ತದೆ. ಯಾರನ್ನೂ ದೂರುವಂತಿಲ್ಲ. ಮೂವತ್ತು ಮಳೆಗಾಲ ಅದನ್ನು ಚರ್ಮದ ಚೀಲದಲ್ಲಿ ಹಾಕಿ ಕತ್ತಲಲ್ಲಿ ಇಟ್ಟವನು ನಾನೇ.

ಧಾರವಾಡದ ಮಳೆ ನಿಮಗೆ ಗೊತ್ತಲ್ಲ. ಜೂನ್ ಶುರುವಾದರೆ ಚಪ್ಪಲಿಗೂ ಉಪ್ಪಿನಕಾಯಿಗೂ ಬೂಷ್ಟು. ಗಾಳಿಯಲ್ಲಿ ತೇವ ನೂರಕ್ಕೆ 60-65 ದಾಟಿ ಬಹಳ ದಿನ ನಿಂತರೆ ಅದಕ್ಕೆ ಹಬ್ಬ. ಕತ್ತಲೂ ನಿಂತ ಗಾಳಿಯೂ ಇದ್ದರೆ ಇನ್ನೂ ಖುಷಿ. ಚರ್ಮದ ಚೀಲ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟಿಗೆ ಅದೇ ಮನೆ, ಅದೇ ಊಟ. ಚೀಲ ಎಷ್ಟೇ ಚಂದವಿರಲಿ, ಲೆನ್ಸನ್ನು ಇವತ್ತೇ ಅದರಿಂದ ಹೊರಗೆ ತೆಗೆಯಿರಿ.

ತೆಗೆದ ಮೇಲೆ ಟಾರ್ಚ್ ಹಿಡಿದು ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಧೂಳಿನ ಕಣ ನಾಲ್ಕಿದ್ದರೆ ಚಿಂತೆಯಿಲ್ಲ, ಅದು ಫೋಟೋದಲ್ಲಿ ಬರುವುದಿಲ್ಲ. ಎಳೆ ಅಥವಾ ಜರಿಗಿಡದಂಥ ಗುರುತು ಕಂಡರೆ ಬೂಷ್ಟು. ಅಂಥದ್ದನ್ನು ಉಳಿದ ಲೆನ್ಸುಗಳಿಂದ ದೂರ ಇಡಿ, ಬೇಗ ರಿಪೇರಿಯವರಿಗೆ ತೋರಿಸಿ. ಹೆಲಿಯೋಸ್‌ನ ಅಂಚಿನಲ್ಲೂ ಒಂದು ಎಳೆ ಶುರುವಾಗಿತ್ತು, ಸಕಾಲಕ್ಕೆ ಒರೆಸಿದ್ದರಿಂದ ಉಳಿಯಿತು. ಅಪರ್ಚರ್ ಬಳೆ ತಿರುವಿದಾಗ ಒಳಗಿನ ತೆಳು ಎಸಳುಗಳ ಮೇಲೆ ಎಣ್ಣೆ ಹೊಳೆಯುತ್ತದೆಯೇ, ಫೋಕಸ್ ಬಳೆ ಗಟ್ಟಿಯಾಗಿದೆಯೇ ಎಂಬುದನ್ನೂ ನೋಡಿ. ಗಟ್ಟಿಯಾಗಿದ್ದರೆ ಮನೆಯ ಹೊಲಿಗೆ ಮಷಿನ್ನಿನ ಎಣ್ಣೆ ಬಿಡುವ ಅಜ್ಜಂದಿರು ಇದ್ದಾರೆ, ನನಗೆ ಗೊತ್ತು. ಬೇಡ. ಅದು ಹರಿದು ಗಾಜಿಗೇ ಹೋಗುತ್ತದೆ.

ಇಡಲು ದುಬಾರಿ ಪೆಟ್ಟಿಗೆ ಬೇಕಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಿಸುವ ಕಾಳುಗಳಾದರೆ ಒಳ್ಳೆಯದು, ತೇವ ಕುಡಿದು ತುಂಬಿದಾಗ ತಾವೇ ಹೇಳುತ್ತವೆ. ತಿಂಗಳಿಗೊಮ್ಮೆ ಲೆನ್ಸು ಹೊರತೆಗೆದು ಬೆಳಕಿನಲ್ಲಿ ಇಟ್ಟು, ಎಲ್ಲ ಬಳೆಗಳನ್ನು ತಿರುವಿ, ನಾಲ್ಕು ಫೋಟೋ ತೆಗೆಯಿರಿ. ಕೆಲಸ ಮಾಡುವ ಲೆನ್ಸಿಗೆ ಬೂಷ್ಟು ಅಷ್ಟು ಸುಲಭವಾಗಿ ಹತ್ತುವುದಿಲ್ಲ.

ಹೆಲಿಯೋಸ್ ಈಗ ಬೆಂಗಳೂರಿನಲ್ಲಿದೆ, ಅಜ್ಜಿ ಚಕ್ಕುಲಿ ತುಂಬಿ ಕಳಿಸಿದ ಡಬ್ಬಿಯಲ್ಲೇ. ಚಕ್ಕುಲಿ ಖಾಲಿಯಾದ ಮೇಲೆ ತೊಳೆದು, ಬಿಸಿಲಿಗೆ ಒಣಗಿಸಿ ಬಳಸು ಎಂದು ಹೇಳಿ ಕಳಿಸಿದ್ದೆ. ಶ್ರಾವಣದ ಮಳೆ ಹಿಡಿದ ದಿನ ಫೋನ್ ಮಾಡಿ ಕೇಳಿದೆ, ‘ಏನವ್ವಾ, ಕಾಳು ಯಾವ ಬಣ್ಣ ಅದಾವು?’

‘ಇನ್ನೂ ನೀಲಿನೇ ಇದೆ ಅಜ್ಜ. ಗುಲಾಬಿ ಆದ ತಕ್ಷಣ ಬಿಸಿ ಮಾಡಿ ಒಣಗಿಸ್ತೀನಿ. ಅಜ್ಜಿಗೆ ಹೇಳು, ಚಕ್ಕುಲಿ ಮುಗೀತು ಅಂತ.’